ಖಾಲಿ ಪಿಕಪ್, ಬಿಗಿ ತಿರುವು, ಹಿಂದೆ ಎಲ್‌ಎಸ್‌ಡಿ: ಗಡಗಡ ಯಾಕೆ, ಬಾಲ ಬೀಸೋದು ಯಾಕೆ?

ಮಿಶಿಗನ್_ಮಂಡ್ಯ:
ಗಾಡಿ 2006ರ ಫೋರ್ಡ್ ಎಫ್-150, ಫೋರ್ ವೀಲ್ ಡ್ರೈವ್. ಬಾಗಿಲ ಸ್ಟಿಕರ್‌ನಲ್ಲಿ ಆಕ್ಸಲ್ ಕೋಡ್ ಎಚ್9. ಹಿಂದೆ ಎಲ್‌ಎಸ್‌ಡಿ, ಅಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದೆ. ಡಿಫರೆನ್ಷಿಯಲ್ ಅಂದರೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತೋಕೆ ಬಿಡೋ ಗೇರ್ ಜೋಡಣೆ, ಎಲ್‌ಎಸ್‌ಡಿ ಆ ವ್ಯತ್ಯಾಸಕ್ಕೆ ಸ್ವಲ್ಪ ತಡೆ ಹಾಕುತ್ತೆ. ಎರಡು ಪ್ರಶ್ನೆ.

ಒಂದು, ಹಿಂದಿನ ಡಿಫರೆನ್ಷಿಯಲ್ ಹೌಸಿಂಗ್‌ನ (ಕವಚದ) ಎಣ್ಣೆ ಬದಲಾಯಿಸಿದ ಮೇಲೆ ಪಾರ್ಕಿಂಗ್ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋದರೆ ಹಿಂದಿನಿಂದ ಗಡಗಡ ಅಂತ ನಡುಕ. ನೇರ ರಸ್ತೆಯಲ್ಲಿ ಏನೂ ಇಲ್ಲ.

ಎರಡು, ಬೆಡ್ ಖಾಲಿ ಇದ್ದು ರಸ್ತೆ ಒದ್ದೆ ಇದ್ದಾಗ, ಸಿಗ್ನಲ್‌ನಲ್ಲಿ ಎಡಕ್ಕೆ ತಿರುಗುತ್ತಾ ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ಹಿಂಬದಿ ಹೊರಗೆ ಜಾರುತ್ತೆ. ಎಲ್‌ಎಸ್‌ಡಿ ಇದ್ದರೆ ಹಿಡಿತ ಜಾಸ್ತಿ ಅಲ್ವಾ? ಓಪನ್ (ಇಂಥ ತಡೆ ಇಲ್ಲದ ಮಾಮೂಲಿ) ಡಿಫರೆನ್ಷಿಯಲ್ ಇರೋ ಗಾಡಿ ಇಷ್ಟು ಸುಲಭಕ್ಕೆ ಜಾರಲ್ಲ.

ಕ್ರೌನ್_ಪಿನಿಯನ್:
ಎಚ್9 ಅಂದರೆ 3.55 ಗೇರ್ ಅನುಪಾತ (ಚಕ್ರದ ಒಂದು ಸುತ್ತಿಗೆ ಡ್ರೈವ್‌ಶಾಫ್ಟ್ 3.55 ಸುತ್ತು), ಜೊತೆಗೆ ಲಿಮಿಟೆಡ್ ಸ್ಲಿಪ್. ಒಳಗಿರೋದು ಟ್ರ್ಯಾಕ್ಷನ್-ಲಾಕ್: ಎರಡೂ ಸೈಡ್ ಗೇರ್ (ಒಂದೊಂದು ಚಕ್ರದ ಆಕ್ಸಲ್‌ಗೆ ಸೇರಿದ ಗೇರ್) ಹಿಂದೆ ಕ್ಲಚ್ ಪ್ಲೇಟ್‌ಗಳ ಕಟ್ಟು, ನಡುವೆ ಅವನ್ನು ಸದಾ ಒತ್ತಿ ಹಿಡಿಯೋ ಎಸ್ ಆಕಾರದ ಸ್ಪ್ರಿಂಗ್. ಮೊದಲನೇ ಪ್ರಶ್ನೆಗೆ ಉತ್ತರ ಬಹುತೇಕ ಒಂದೇ: ಎಣ್ಣೆ ಹಾಕಿದವರು ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟ್ ನಯವಾಗಿ ಜಾರೋಕೆ ಎಣ್ಣೆಗೆ ಬೆರೆಸೋ ದ್ರವ) ಹಾಕಿಲ್ಲ, ಇಲ್ಲವೇ ಕಡಿಮೆ ಹಾಕಿದ್ದಾರೆ.

ಲೆಕ್ಕ ನೋಡಿ. ಹಿಂದಿನ ಎರಡು ಚಕ್ರಗಳ ನಡುವೆ ಸುಮಾರು 1.7 ಮೀಟರ್ ಅಂತರ. 90 ಡಿಗ್ರಿ ತಿರುಗಿದರೆ ಹೊರಚಕ್ರ ಒಳಚಕ್ರಕ್ಕಿಂತ ಸುಮಾರು 2.7 ಮೀಟರ್ ಹೆಚ್ಚು ಓಡಲೇಬೇಕು. ತಿರುವು ಚಿಕ್ಕದಿರಲಿ ದೊಡ್ಡದಿರಲಿ, ಈ ವ್ಯತ್ಯಾಸ ಅಷ್ಟೇ. ನಿಮ್ಮ ಟೈರಿನ ಸುತ್ತಳತೆ ಸುಮಾರು 2.5 ಮೀಟರ್, ಅಂದರೆ ಒಂದು ಸುತ್ತಿಗಿಂತ ತುಸು ಹೆಚ್ಚು. ಹೆದ್ದಾರಿಯ 300 ಮೀಟರ್ ತ್ರಿಜ್ಯದ ತಿರುವಿನಲ್ಲಿ ಆ ಒಂದು ಸುತ್ತು 470 ಮೀಟರ್ ಉದ್ದಕ್ಕೂ ಹಂಚಿಹೋಗುತ್ತೆ. 6 ಮೀಟರ್ ತ್ರಿಜ್ಯದ ಪಾರ್ಕಿಂಗ್ ತಿರುವಿನಲ್ಲಿ ಬರೀ ಒಂಬತ್ತೂವರೆ ಮೀಟರ್‌ನಲ್ಲಿ ಮುಗಿಯಬೇಕು. ಅಲ್ಲಿ ಹೊರಚಕ್ರ ಒಳಚಕ್ರಕ್ಕಿಂತ 33% ಜೋರಾಗಿ ಸುತ್ತುತ್ತೆ.

ಪ್ಲೇಟ್‌ಗಳು ಆ ವ್ಯತ್ಯಾಸವನ್ನು ಜಾರಿ ಜಾರಿ ಬಿಟ್ಟುಕೊಡಬೇಕು. ಬರೀ ಗೇರ್ ಎಣ್ಣೆಯಲ್ಲಿ ನಿಂತ ಪ್ಲೇಟಿನ ಹಿಡಿತ ಜಾರುತ್ತಿರೋ ಪ್ಲೇಟಿಗಿಂತ ಹೆಚ್ಚು. ಹಾಗಾಗಿ ಕಚ್ಚುತ್ತೆ, ಬಿಡುತ್ತೆ, ಮತ್ತೆ ಕಚ್ಚುತ್ತೆ. ಅದೇ ನಿಮ್ಮ ಗಡಗಡ. ಮಾಡಿಫೈಯರ್ ಈ ಕಚ್ಚುವ ಹಿಡಿತವನ್ನು ಜಾರುವ ಹಿಡಿತದ ಮಟ್ಟಕ್ಕೆ ಇಳಿಸುತ್ತೆ.

ಕವರ್ ಬಿಚ್ಚೋ ಅಗತ್ಯ ಇಲ್ಲ:

1. ಹತ್ತಿಪ್ಪತ್ತು ನಿಮಿಷ ಓಡಿಸಿ ಎಣ್ಣೆ ಬಿಸಿ ಮಾಡಿ. ಗಾಡಿ ಸಮತಟ್ಟಾದ ನೆಲದಲ್ಲಿರಲಿ.
2. ಹೌಸಿಂಗ್ ಪಕ್ಕದ ಫಿಲ್ ಪ್ಲಗ್ ಬಿಚ್ಚಿ, ಅದಕ್ಕೆ 3/8 ಇಂಚಿನ ಚೌಕ ರ‍್ಯಾಚೆಟ್ ಸಾಕು.
3. ಕೈಪಂಪಿನಿಂದ ಸುಮಾರು 120 ಮಿಲಿ ಎಣ್ಣೆ ಹೊರಗೆಳೆಯಿರಿ.
4. 118 ಮಿಲಿ, ಅಂದರೆ 4 ಔನ್ಸ್ ಬಾಟಲಿ ಮಾಡಿಫೈಯರ್ ಪೂರ್ತಿ ಹಾಕಿ. ಪ್ಲಗ್ ಮುಚ್ಚಿ.
5. ಖಾಲಿ ಮೈದಾನದಲ್ಲಿ ನಡಿಗೆಗಿಂತ ತುಸು ಜೋರಾಗಿ ಎಂಟರ ಆಕಾರದಲ್ಲಿ ಹತ್ತು ಹನ್ನೆರಡು ಸಲ ಸುತ್ತಿ. ಪ್ಲೇಟ್‌ಗಳ ನಡುವೆ ಅದು ನುಗ್ಗೋದು ಹೀಗೇ. ಇದನ್ನು ಬಿಟ್ಟು "ಹಾಕಿದೆ, ಸದ್ದು ಹೋಗಲಿಲ್ಲ" ಅನ್ನೋರೇ ಜಾಸ್ತಿ.

ಸದ್ದು ಉಳಿದರೆ ಇನ್ನೊಂದು 30 ಮಿಲಿ. ಅದಕ್ಕಿಂತ ಸುರೀತಾ ಹೋಗಬೇಡಿ. ಅತಿಯಾದರೆ ಪ್ಲೇಟ್ ಹಿಡಿಯೋದನ್ನೇ ಬಿಡುತ್ತೆ, ದುಡ್ಡು ಕೊಟ್ಟು ಎಲ್‌ಎಸ್‌ಡಿಯನ್ನು ಓಪನ್ ಮಾಡಿಕೊಂಡ ಹಾಗೆ. ಈಗ ಹಾಕಿರೋ ಎಣ್ಣೆಯ ಡಬ್ಬಿ ಸಿಕ್ಕರೆ ಓದಿ. ಕೆಲವು 75ಡಬ್ಲ್ಯೂ-140 ದರ್ಜೆಯ ಸಿಂಥೆಟಿಕ್ ಗೇರ್ ಎಣ್ಣೆಗಳಲ್ಲಿ ಮಾಡಿಫೈಯರ್ ಮೊದಲೇ ಬೆರೆತಿರುತ್ತೆ.

ಇಷ್ಟಕ್ಕೆ ಮುಂಚೆ ಒಂದು ಖಾತ್ರಿ: ಸದ್ದು ಬಂದಾಗ ಟ್ರಾನ್ಸ್‌ಫರ್ ಕೇಸ್ (ಎರಡು ಚಕ್ರಕ್ಕೋ ನಾಲ್ಕಕ್ಕೋ ಶಕ್ತಿ ಅಂತ ಆರಿಸೋ ಪೆಟ್ಟಿಗೆ) ಟೂ ಹೈನಲ್ಲಿತ್ತಾ, ಅಂದರೆ ಹಿಂದಿನ ಎರಡಕ್ಕೆ ಮಾತ್ರ? ಒಣ ರಸ್ತೆಯಲ್ಲಿ ಫೋರ್ ಹೈ (ನಾಲ್ಕೂ ಚಕ್ರಕ್ಕೆ) ಹಾಕಿ ತಿರುಗಿದರೂ ಗಾಡಿ ಹೀಗೇ ಒದ್ದಾಡುತ್ತೆ. ಅದು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಜಗಳ, ಡಿಫರೆನ್ಷಿಯಲ್‌ದಲ್ಲ.

ಪಾಟಾ_ಸ್ಪ್ರಿಂಗ್:
ಎರಡನೇ ಪ್ರಶ್ನೆ ನನಗೆ ಬಿಡಿ. ನೀವು ಗಮನಿಸಿದ್ದು ಸರಿ. ಎಲ್‌ಎಸ್‌ಡಿ ಹೆಚ್ಚಿಸೋದು ಮುಂದಕ್ಕೆ ತಳ್ಳೋ ಹಿಡಿತವನ್ನು. ಪಕ್ಕಕ್ಕೆ ಜಾರದಂತೆ ತಡೆಯೋ ಹಿಡಿತವನ್ನು ಅದು ಹೆಚ್ಚಿಸಲ್ಲ, ಕೆಲವು ಸಲ ಕಿತ್ತುಕೊಳ್ಳುತ್ತೆ.

ಟೈರಿಗೆ ಇರೋದು ಒಂದೇ ಖಜಾನೆ. ಎಳೆಯೋಕೂ ಪಕ್ಕಕ್ಕೆ ಹಿಡಿಯೋಕೂ ಅದರಿಂದಲೇ ಖರ್ಚು. ಓಪನ್ ಡಿಫರೆನ್ಷಿಯಲ್‌ನಲ್ಲಿ ಹಗುರಾದ ಒಳಚಕ್ರ ಬುರ್ ಅಂತ ಸುತ್ತಿದಾಗ ಹೊರಚಕ್ರಕ್ಕೂ ಅಷ್ಟೇ ಕಡಿಮೆ ಟಾರ್ಕ್ (ತಿರುಗಿಸೋ ಬಲ) ಹೋಗುತ್ತೆ. ಗಾಡಿ ಮುಂದೆ ಹೋಗಲ್ಲ, ನಿಜ. ಆದರೆ ಆ ಹೊರಚಕ್ರದ ಖಜಾನೆ ತುಂಬಿರುತ್ತೆ, ಅದು ಹಿಂಬದಿಯನ್ನು ಗೂಟ ಹೊಡೆದ ಹಾಗೆ ಹಿಡಿದಿರುತ್ತೆ. ಎಲ್‌ಎಸ್‌ಡಿ ಇದ್ದರೆ ಒಳಚಕ್ರ ಜಾರಿದ ತಕ್ಷಣ ಟಾರ್ಕ್ ಹೊರಚಕ್ರಕ್ಕೆ ಹೋಗುತ್ತೆ, ಒದ್ದೆ ರಸ್ತೆಯಲ್ಲಿ ಅದೂ ಜಾರುತ್ತೆ. ಈಗ ಹಿಂಬದಿಯನ್ನು ಹಿಡಿಯೋಕೆ ಯಾರೂ ಇಲ್ಲ.

ಖಾಲಿ ಪಿಕಪ್‌ನಲ್ಲಿ ಇದು ಬೇಗ ಆಗೋದಕ್ಕೆ ಕಾರಣ ಭಾರ. ಎಂಜಿನ್, ಕ್ಯಾಬಿನ್ ಎಲ್ಲ ಮುಂದೆ, ಹಿಂದಿನ ಆಕ್ಸಲ್ ಮೇಲೆ ಸುಮಾರು 40% ಮಾತ್ರ. ಜೊತೆಗೆ ಹೇರು ಹೊರೋಕೆ ಅಂತ ಮಾಡಿದ ಗಡುಸು ಲೀಫ್ ಸ್ಪ್ರಿಂಗ್.

ತಿರುವಿನ ಬೇರೆ ಬೇರೆ ಹಂತದಲ್ಲಿ ಎಲ್‌ಎಸ್‌ಡಿ ಬೇರೆ ಬೇರೆ ಥರ ಆಡುತ್ತೆ ಅನ್ನೋದನ್ನು ಬಹಳ ಜನ ತಪ್ಪಿಸಿಕೊಳ್ಳುತ್ತಾರೆ. ಆಕ್ಸಿಲರೇಟರ್ ಬಿಟ್ಟು ತಿರುವಿಗೆ ಇಳಿಯುವಾಗ ಹೊರಚಕ್ರ ಜೋರು, ಒಳಚಕ್ರ ನಿಧಾನ. ಕ್ಲಚ್ ಎರಡನ್ನೂ ಸಮ ಮಾಡೋಕೆ ನೋಡುತ್ತೆ: ಹೊರಚಕ್ರವನ್ನು ಹಿಂದಕ್ಕೆಳೆದು ಒಳಚಕ್ರವನ್ನು ಮುಂದಕ್ಕೆ ತಳ್ಳುತ್ತೆ. ಹಾಗಾಗಿ ಗಾಡಿ ತಿರುಗೋಕೆ ಒಲ್ಲೆ ಅನ್ನುತ್ತೆ, ಮೂತಿ ಹೊರಗೆ ಹೋಗುತ್ತೆ. ತಿರುವಿನ ನಡುವೆ ಹದವಾಗಿ ಆಕ್ಸಿಲರೇಟರ್ ಕೊಟ್ಟರೂ, ಒಳಚಕ್ರ ಜಾರದಿರೋವರೆಗೆ ಇದೇ ಕಥೆ. ಒಳಚಕ್ರ ಜಾರಿ ಹೊರಚಕ್ರಕ್ಕಿಂತ ಜೋರಾದ ಕ್ಷಣ ಎಲ್ಲ ತಿರುವುಮುರುವು: ಹೊರಚಕ್ರ ತಳ್ಳುತ್ತೆ, ಮೂತಿ ಒಳಗೆ, ಬಾಲ ಹೊರಗೆ. ಮೊದಲು ತಿರುಗಲ್ಲ, ಆಮೇಲೆ ಅತಿಯಾಗಿ ತಿರುಗುತ್ತೆ. ಡ್ರೈವರ್ ಮೋಸಹೋಗೋದು ಈ ಬದಲಾವಣೆಯಲ್ಲೇ, ಯಾಕಂದರೆ ಮೂತಿ ಹೊರಗೆ ಹೋಗ್ತಿದೆ ಅಂತ ಸ್ಟೀರಿಂಗ್ ಇನ್ನಷ್ಟು ತಿರುಗಿಸಿರ‍್ತಾರೆ.

ಏನು ಮಾಡಬೇಕು? ಒದ್ದೆಯಲ್ಲಿ ಸ್ಟೀರಿಂಗ್ ನೇರವಾಗ್ತಾ ಬಂದ ಮೇಲೆ ಆಕ್ಸಿಲರೇಟರ್ ಕೊಡಿ. ಬಾಲ ಹೊರಟರೆ ಕಾಲನ್ನು ಪಟ್ ಅಂತ ಎತ್ತಬೇಡಿ. ಈ ಕ್ಲಚ್ ಎಂಜಿನ್ ಬ್ರೇಕಿಂಗ್‌ನಲ್ಲೂ ಬಿಗಿಯಾಗುತ್ತೆ, ಮೇಲಾಗಿ ಹಿಂದಿನ ಭಾರ ಮುಂದಕ್ಕೆ ಹೋಗಿಬಿಡುತ್ತೆ. ಮೆಲ್ಲಗೆ ಸಡಿಲಿಸಿ, ಜಾರುವ ದಿಕ್ಕಿಗೆ ಸ್ಟೀರಿಂಗ್ ಕೊಡಿ. ಚಳಿಗಾಲದಲ್ಲಿ 100ರಿಂದ 150 ಕಿಲೋ ಮರಳು ಮೂಟೆ ಹಾಕಿ, ಸರಿಯಾಗಿ ಆಕ್ಸಲ್ ಮೇಲೆ, ಕಟ್ಟಿ. ಟೈಲ್‌ಗೇಟ್ ಹತ್ತಿರ ಹಾಕಿದರೆ ಮುಂದಿನ ಚಕ್ರದ ಭಾರ ತಗ್ಗುತ್ತೆ, ಗಾಡಿ ತಿರುಗುವಾಗ ಆ ತೂಕವೇ ಬಾಲವನ್ನು ಬೀಸುತ್ತೆ.

ನಡುವೆ ಉಬ್ಬಿ ಅಂಚಿಗೆ ಇಳಿಜಾರಾದ ಹಿಮದ ರಸ್ತೆಯಲ್ಲಿ ಇನ್ನೂ ಹುಷಾರು. ಎರಡೂ ಚಕ್ರ ಒಟ್ಟಿಗೆ ಸುತ್ತಿದರೆ ತಿರುವು ಇಲ್ಲದಿದ್ದರೂ ಹಿಂಬದಿ ಮೆಲ್ಲಗೆ ಚರಂಡಿ ಕಡೆ ಇಳಿಯುತ್ತೆ. ನಿಮ್ಮ 2006ರಲ್ಲಿ ಸ್ಟೆಬಿಲಿಟಿ ಕಂಟ್ರೋಲ್ (ಜಾರಿದಾಗ ತಾನೇ ಬ್ರೇಕ್ ಹಾಕಿ ಗಾಡಿ ತಿದ್ದೋ ವ್ಯವಸ್ಥೆ) ಇಲ್ಲ, ಎಫ್-150ಗೆ ಅದು ಬಂದದ್ದು 2009ರ ಮಾಡೆಲ್‌ನಿಂದ. ತಪ್ಪು ತಿದ್ದೋಕೆ ನಿಮ್ಮ ಕಾಲೇ ಗತಿ.

ಮಿಶಿಗನ್_ಮಂಡ್ಯ:
ಟೂ ಹೈನಲ್ಲೇ ಸದ್ದು. ಮಾಡಿಫೈಯರ್ ಹಾಕಿ ನೋಡ್ತೀನಿ. ಪ್ಲೇಟ್ ಸವೆದಿದೆಯಾ ಅಂತ ಬಿಚ್ಚದೆ ತಿಳಿಯೋದು ಹೇಗೆ? ಬದಲಾಯಿಸೋದೇ ಆದರೆ ಟ್ರೂಟ್ರ್ಯಾಕ್ ಅನ್ನೋ ಬೇರೆ ಥರದ ಎಲ್‌ಎಸ್‌ಡಿ ಹಾಕಬಹುದಾ? ಶೆವ್ರೊಲೆ ಟ್ರಕ್‌ಗಳ ಜಿ80 ಡಿಫರೆನ್ಷಿಯಲ್ ಒಳ್ಳೇದು ಅಂತಾನೂ ಕೇಳಿದ್ದೆ.

ಕ್ರೌನ್_ಪಿನಿಯನ್:
ಪರೀಕ್ಷೆ ಸುಲಭ. ಮುಂದಿನ ಚಕ್ರಗಳಿಗೂ ನೆಲದ ಮೇಲಿರೋ ಹಿಂದಿನ ಚಕ್ರಕ್ಕೂ ಅಡ್ಡ ಕೊಟ್ಟು, ಇನ್ನೊಂದು ಹಿಂದಿನ ಚಕ್ರವನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಗೇರ್ ನ್ಯೂಟ್ರಲ್, ಟೂ ಹೈ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಎತ್ತಿದ ಚಕ್ರದ ನಡುವಿಗೆ ಅಡಾಪ್ಟರ್ ಹಾಕಿ ಟಾರ್ಕ್ ರೆಂಚ್‌ನಿಂದ ತಿರುಗಿಸಿ. ಕದಲೋಕೆ ಕನಿಷ್ಠ 27 ನ್ಯೂಟನ್ ಮೀಟರ್ ಬೇಕು. ಅದಕ್ಕಿಂತ ಸಲೀಸಾಗಿ ತಿರುಗಿದರೆ ಪ್ಲೇಟ್ ಮುಗಿದಿದೆ.

ಪ್ಲೇಟ್ ಬದಲಾಯಿಸುವಾಗ ಕಾಟ ಕೊಡೋದು ಎರಡು. ಕ್ರಾಸ್ ಪಿನ್ (ಒಳಗಿನ ಗೇರ್‌ಗಳನ್ನು ಹೊತ್ತ ಅಡ್ಡ ಕಡ್ಡಿ) ಹಿಡಿಯೋ ಲಾಕ್ ಬೋಲ್ಟ್ ಸಣ್ಣದು, ಬಿಚ್ಚುವಾಗ ತಲೆ ಮುರಿದು ಒಳಗೇ ಉಳಿಯುತ್ತೆ. ಬಿಸಿ ಮಾಡಿ ನಿಧಾನಕ್ಕೆ ಬಿಚ್ಚಿ, ಮತ್ತೆ ಹಾಕುವಾಗ ಹೊಸ ಬೋಲ್ಟು, ಥ್ರೆಡ್‌ಲಾಕರ್. ಇನ್ನೊಂದು ಎಸ್ ಸ್ಪ್ರಿಂಗ್, ಬಂದೂಕಿನ ಗುಂಡಿನ ಹಾಗೆ ಹಾರುತ್ತೆ. ಕನ್ನಡಕ ಹಾಕಿ, ಮುಖ ಪಕ್ಕಕ್ಕಿಡಿ. ಹೊಸ ಪ್ಲೇಟ್‌ಗಳನ್ನು ಜೋಡಿಸೋ ಮೊದಲು ಮಾಡಿಫೈಯರ್‌ನಲ್ಲಿ ನೆನೆಸಿ. ಎಡಗಡೆಯ ಶಿಮ್ (ಅಂತರ ತುಂಬೋ ತೆಳು ಬಿಲ್ಲೆ) ಎಡಕ್ಕೇ, ಬಲಗಡೆಯದು ಬಲಕ್ಕೇ. ಪ್ಲೇಟ್ ಕಿಟ್ ತರಿಸೋ ಮೊದಲು ಕವರ್ ಬೋಲ್ಟ್ ಎಣಿಸಿ: 10 ಇದ್ದರೆ 8.8 ಇಂಚಿನ ಆಕ್ಸಲ್, 12 ಇದ್ದರೆ 9.75.

ಹಲ್ಲು_ಗೇರು:
ಟ್ರೂಟ್ರ್ಯಾಕ್‌ನಲ್ಲಿ ಪ್ಲೇಟೇ ಇಲ್ಲ, ಓರೆಹಲ್ಲಿನ ಗೇರ್‌ಗಳು. ಮಾಡಿಫೈಯರ್ ಬೇಡ, ಗಡಗಡ ಇಲ್ಲ. ಪ್ಲೇಟ್ ಒತ್ತೋ ಸ್ಪ್ರಿಂಗ್ ಇಲ್ಲದ ಕಾರಣ ಆಕ್ಸಿಲರೇಟರ್ ಬಿಟ್ಟಾಗ ಬಹುತೇಕ ಓಪನ್ ಥರ ಸಲೀಸಾಗಿ ತಿರುವಿಗೆ ಇಳಿಯುತ್ತೆ. ರಸ್ತೆ ಮೇಲೆ ಓಡೋ ಪಿಕಪ್‌ಗೆ ನನ್ನ ಮತ ಇದಕ್ಕೇ. ಕೊರತೆ ಒಂದು: ಇದು ಹಿಡಿತ ಇಲ್ಲದ ಚಕ್ರದ ಟಾರ್ಕನ್ನು ಇಷ್ಟು ಪಟ್ಟು ಮಾಡಿ ಇನ್ನೊಂದಕ್ಕೆ ಕೊಡೋದು. ಚಕ್ರ ಗಾಳಿಯಲ್ಲಿದ್ದರೆ ಸೊನ್ನೆಯನ್ನು ಮೂರರಿಂದ ಗುಣಿಸಿದರೂ ಸೊನ್ನೆಯೇ. ಆಗ ಆ ಚಕ್ರಕ್ಕೆ ಸ್ವಲ್ಪ ತಡೆ ಸಿಗೋಕೆ ಬ್ರೇಕನ್ನು ಹಗುರಕ್ಕೆ ಮುಟ್ಟಬೇಕು.

ಜಿ80 ಎಲ್‌ಎಸ್‌ಡಿ ಅಲ್ಲ, ತಾನೇ ಬೀಳೋ ಲಾಕರ್ (ಎರಡೂ ಚಕ್ರವನ್ನು ಒಂದಾಗಿ ಬಿಗಿಯೋ ಬೀಗ), ಈಟನ್ ಕಂಪನಿಯದು. ಎರಡು ಚಕ್ರಗಳ ವೇಗದ ಅಂತರ ಸುಮಾರು 100 ಆರ್‌ಪಿಎಂ ದಾಟೋವರೆಗೆ ಓಪನ್, ದಾಟಿದರೆ ಪೂರ್ತಿ ಲಾಕ್. ಗಂಟೆಗೆ ಸುಮಾರು 30 ಕಿಲೋಮೀಟರ್ ಮೇಲೆ ಲಾಕ್ ಆಗದ ಹಾಗೆ ಏರ್ಪಾಡಿದೆ, ಹಾಗಾಗಿ ಹೆದ್ದಾರಿ ತಿರುವಿನಲ್ಲಿ ತೊಂದರೆ ಇಲ್ಲ. ಆದರೆ ನೀವು ಹೇಳಿದ ಸಿಗ್ನಲ್ ತಿರುವು ಇದೆಯಲ್ಲ, ಅಲ್ಲಿ ಒಳಚಕ್ರ ಸುತ್ತಿ ಟಕ್ ಅಂತ ಲಾಕ್ ಬಿದ್ದರೆ ಬಾಲ ಒಂದೇ ಸಲಕ್ಕೆ ಒದೆಯುತ್ತೆ. ಅದಕ್ಕೆ ಮಾಡಿಫೈಯರ್ ಹಾಕಲೇಬಾರದು, ಶೆವ್ರೊಲೆ ತಯಾರಿಸೋ ಜಿಎಂ ಕೂಡ ಬೇಡ ಅನ್ನುತ್ತೆ.

ಊರಲ್ಲಿ ಓದೋರಿಗೆ: ಮಹೀಂದ್ರದ ಎಂಎಲ್‌ಡಿ (ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್) ಇದೇ ಈಟನ್ ವಂಶದ್ದು. ಮಳೆಗಾಲದಲ್ಲಿ ಆಗುಂಬೆ ಘಾಟಿಯ ಹೇರ್‌ಪಿನ್ ಹತ್ತುವಾಗ ಒಳಚಕ್ರ ಸುತ್ತೋಕೆ ಬಿಡದಷ್ಟು ಹದವಾಗಿ ಕಾಲಿಟ್ಟರೆ ಆ ಲಾಕ್ ಬೀಳೋದೇ ಇಲ್ಲ. ಟೊಯೊಟಾ ಟಕೋಮದ 'ಆಟೋ ಎಲ್‌ಎಸ್‌ಡಿ' ಹೆಸರು ನೋಡಿಯೂ ಮೋಸಹೋಗಬೇಡಿ. ಒಳಗೆ ಓಪನ್ ಡಿಫರೆನ್ಷಿಯಲ್ಲೇ, ಸುತ್ತೋ ಚಕ್ರಕ್ಕೆ ಬ್ರೇಕ್ ಹಾಕೋ ಉಪಾಯ ಅಷ್ಟೇ.

ಪಾಟಾ_ಸ್ಪ್ರಿಂಗ್:
ಒಂದು ಮಾತು ಬಿಟ್ಟುಹೋಗಿತ್ತು. ಯಾವುದಕ್ಕೂ ಮುಂಚೆ ಹಿಂದಿನ ಎರಡು ಟೈರ್ ಅಳೆಯಿರಿ. ಒಂದರಲ್ಲಿ ಟ್ರೆಡ್ (ಟೈರಿನ ಗೀರುಗಳ) ಆಳ 12 ಮಿಲಿಮೀಟರ್, ಇನ್ನೊಂದರಲ್ಲಿ 5 ಇದ್ದರೆ ಸುತ್ತಳತೆಯಲ್ಲಿ 44 ಮಿಲಿಮೀಟರ್ ವ್ಯತ್ಯಾಸ. ನೇರ ರಸ್ತೆಯಲ್ಲೂ ಕಿಲೋಮೀಟರಿಗೆ ಏಳು ಸುತ್ತು ಪ್ಲೇಟ್ ಉಜ್ಜುತ್ತಲೇ ಇರುತ್ತೆ, ಹೊಸ ಕಿಟ್ ಹಾಕಿದರೂ ಸುಟ್ಟುಹೋಗುತ್ತೆ. ಸ್ಟೆಪ್ನಿಯನ್ನು ಹಿಂದೆ ಹಾಕಿಕೊಂಡು ತಿಂಗಳುಗಟ್ಟಲೆ ಓಡಿಸೋದು ಈ ಗಾಡಿಗೆ ಆಗಿಬರಲ್ಲ. ಹಿಂದೆ ಪಂಕ್ಚರ್ ಆದರೆ ಮುಂದಿನ ಚಕ್ರ ಹಿಂದಕ್ಕೆ ಹಾಕಿ, ಸ್ಟೆಪ್ನಿ ಮುಂದಕ್ಕೆ. ಹಾಗಿರುವಷ್ಟು ದಿನ ಫೋರ್ ಹೈ ಮುಟ್ಟಬೇಡಿ.