ಲ್ಯೂಕಾಡೆಂಡ್ರಾನ್: ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆನಾ?

ರಾಯಚೂರು_ಕುಂಡ: ಲ್ಯೂಕಾಡೆಂಡ್ರಾನ್ ಬೀಜ ತರಿಸಿದ್ದೇನೆ, ದಕ್ಷಿಣ ಆಫ್ರಿಕಾದ ಕೇಪ್ ಕಡೆಯ ಪೊದೆ. ಗಂಡು, ಹೆಣ್ಣು ಗಿಡ ಬೇರೆ ಅಂತಾರೆ, ನಿಜಾನಾ? ನಮ್ಮ ಎರೆಮಣ್ಣಲ್ಲಿ ಬರುತ್ತದಾ?

ಹೂಬುಟ್ಟಿ: ನಿಜ ಸರ್, ಪಪ್ಪಾಯ ಇದ್ದ ಹಾಗೆ. ಹೆಣ್ಣು ಗಿಡದಲ್ಲಿ ಗಟ್ಟಿ ಕಾಯಿಗೊಂಚಲು ಕಟ್ಟುತ್ತದೆ, ಗಂಡಿನಲ್ಲಿ ಪರಾಗದ ಹೂ ಮಾತ್ರ. ಹೂ ಬರೋವರೆಗೆ ಹೇಳೋದು ಕಷ್ಟ. ಅಂದ ಹಾಗೆ, ಬೊಕೆಯಲ್ಲಿ ಕಾಣೋ ಹಳದಿ, ಕೆಂಪು ದಳ ದಳವೇ ಅಲ್ಲ, ಹೂವಿನ ಸುತ್ತಲಿನ ಎಲೆಗಳೇ ಬಣ್ಣ ತಿರುಗಿರುತ್ತವೆ. ಹಲವು ಜಾತಿಗಳಲ್ಲಿ ಕಾಯಿ ವರ್ಷಗಟ್ಟಲೆ ಬೀಜ ಹಿಡಿದುಕೊಂಡಿದ್ದು, ಕಾಡ್ಗಿಚ್ಚಿನಲ್ಲಿ ಗಿಡ ಸುಟ್ಟ ಮೇಲೆ ಬಾಯಿ ಬಿಡುತ್ತದೆ!

ಕೊಪ್ಪಳ_ತೋಟ: ಎರೆಮಣ್ಣು ಬೇಡವೇ ಬೇಡ. ಅಲ್ಲಿನ ಮಣ್ಣು ಹುಳಿ, ಮರಳು, ಸತ್ವ ಕಡಿಮೆ, ಮಳೆ ಚಳಿಗಾಲದಲ್ಲಿ. ನಮ್ಮದು ಕ್ಷಾರ, ಮೇಲೆ ನೀರು ಹಿಡಿಯುತ್ತದೆ. ಸಿಗೋ ಚೂರುಪಾರು ರಂಜಕ ಎಳೆದುಕೊಳ್ಳೋಕೆ ಈ ಗಿಡಕ್ಕೆ ಗುಂಪುಗುಂಪಾದ ಕೂದಲಿನಂಥ ಬೇರಿದೆ. ರಂಜಕ ತುಂಬಿರೋ ಡಿಎಪಿ ಗೊಬ್ಬರ ಹಾಕಿದರೆ ಕಥೆ ಮುಗೀತು.

ರಾಯಚೂರು_ಕುಂಡ: ಹಾಗಾದ್ರೆ ಕುಂಡವೇ ಸರಿ. ಬೀಜ ಯಾವಾಗ ಹಾಕಲಿ?

ಕೊಪ್ಪಳ_ತೋಟ: ನವೆಂಬರ್‌ನಲ್ಲಿ ಹಾಕಿ. ಹಗಲು ಬಿಸಿ, ರಾತ್ರಿ ತಂಪು ಇದ್ದರೆ ಚೆನ್ನಾಗಿ ಮೊಳೆಯುತ್ತದೆ. ಮರಳು ಜಾಸ್ತಿ ಇರಲಿ. ಏಪ್ರಿಲ್ ಬಿಸಿಲಿಗೆ ಮಾತ್ರ ನೆರಳು ಬೇಕೇ ಬೇಕು.