ನೀರಿನಡಿಯ ದೇವರಿಗೆ ದೀಪ ಹಚ್ಚುವುದು ಹೇಗೆ ಮಾರಾಯ್ರೆ?

ಕುಂಬಳೆ ಎಣ್ಣೆಮಿಲ್ಲು:

ನಾನು ಕತೆಗಾರ ಅಲ್ಲ. ಕಾಸರಗೋಡು ಕಡೆಯ ಕುಂಬಳೆಯಲ್ಲಿ ಸಣ್ಣ ತೆಂಗಿನೆಣ್ಣೆ ಮಿಲ್ಲು ಉಂಟು, ಅಷ್ಟೆ. ತಂಗಿಯ ಮಗಳು ನಾಲ್ಕನೇ ಕ್ಲಾಸು. ಮಳೆಗೆ ಕರೆಂಟು ಹೋದ ಕೂಡಲೇ "ಮಾವ, ಕತೆ" ಎಂದು ಚಾಪೆ ಹಾಕಿ ಕೂರುತ್ತಾಳೆ. ಗೊತ್ತಿದ್ದ ರಾಮಾಯಣ, ಭಾರತ ಎಲ್ಲ ಮುಗಿದ ಮೇಲೆ ಬೇರೆ ದಾರಿ ಕಾಣದೆ ಆಳಿಗರನ್ನು ಹುಟ್ಟಿಸಿದೆ.

ಆಳಿಗರೆಂದರೆ ಆಳದಲ್ಲಿರುವವರು. ಚಂದ್ರಗಿರಿ ಹೊಳೆ ಕಡಲು ಸೇರುವಲ್ಲಿಂದ ನೆಟ್ಟಗೆ ಪಡುವಣಕ್ಕೆ ಹೋದರೆ ನಲವತ್ತು ಮಾರು ಆಳದಲ್ಲಿ ಅವರ ಊರು. ಒಂಬತ್ತು ಮನೆತನ, ಅಳಿಯಕಟ್ಟು, ಅಂದರೆ ಮನೆತನ ನಡೆಯುವುದು ಹೆಣ್ಣಿನ ಕಡೆಯಿಂದ. (ಅದು ನನ್ನ ಸೋಮಾರಿತನ. ನಮ್ಮ ಮನೆಯದ್ದನ್ನೇ ಎತ್ತಿ ಅಲ್ಲಿ ಇಟ್ಟೆ.) ದೇವರ ಹೆಸರು ಮೊರೆಯಜ್ಜ. ಮಂತ್ರವಾದಿಗೆ ದನಿಕಾರ ಎನ್ನುತ್ತಾರೆ. ಅವ ಬೇಕಾದ ದನಿಯನ್ನು ಹಿಡಿದು ಚಿಪ್ಪಿನೊಳಗೆ ಕಟ್ಟಿಡಬಲ್ಲ.

ಮೊನ್ನೆ ಮೊರೆಯಜ್ಜನ ಹಬ್ಬ ಬಂತು. ನಾನು ಗಮ್ಮತ್ತಿನಲ್ಲಿ ಸಾವಿರ ದೀಪ ಹಚ್ಚಿಸಿಬಿಟ್ಟೆ. "ನೀರೊಳಗೆ ಬತ್ತಿ ಹೇಗೆ ಉರೀತದೆ ಮಾವ?" ಮಾಯೆಯಿಂದ ಅಂದೆ. "ಎಲ್ಲದಕ್ಕೂ ಮಾಯೆ ಅಂದ್ರೆ ನಾನೇ ಕತೆ ಹೇಳ್ತೇನಲ್ಲ" ಎಂದಳು. ನನ್ನ ತಪ್ಪು ಬರೆದಿಡಲಿಕ್ಕೆ ಅವಳಲ್ಲಿ ಒಂದು ಪುಸ್ತಕವೇ ಉಂಟು. ಕೆಂಪು ಪೆನ್ನು ಬೇರೆ.

ಮೂರು ರಾತ್ರಿಯಿಂದ ಕತೆ ನಿಂತಿದೆ. ದೀಪದೆಣ್ಣೆ ಮಾರಿ ಊಟ ಮಾಡುವವನಿಗೆ ದೀಪವಿಲ್ಲದ ದೇವರು ತಲೆಗೇ ಹೋಗುವುದಿಲ್ಲ. ಬೆಂಕಿಯೇ ಕಾಣದವರು ದೇವರಿಗೆ ಎಂತ ಕೊಡುತ್ತಾರೆ? ಹೇಗೆ ಕೈಮುಗಿಯುತ್ತಾರೆ?

ಉಪ್ಪಳದ ಬಲೆ:

ಅಣ್ಣ, ಅಮಾಸೆ ರಾತ್ರಿ ಒಮ್ಮೆ ನಮ್ಮ ದೋಣಿಗೆ ಬನ್ನಿ. ಕೆಲವು ಸಮಯದಲ್ಲಿ ನೀರು ಕಲಕಿದಲ್ಲೆಲ್ಲ ನೀಲಿ ಬೆಳಕು. ಮಲಯಾಳದಲ್ಲಿ ಅದಕ್ಕೆ ಕವರು ಎನ್ನುತ್ತಾರೆ. ಬಲೆ ಎಳೆದರೆ ಹಗ್ಗವೇ ಹೊಳೆಯುತ್ತದೆ. ಬೂತಾಯಿ ಮೀನಿನ ಹಿಂಡು ಹೋದರೆ ಅಡಿಯಲ್ಲಿ ಬೆಳಕಿನ ದಾರಿ ಬಿದ್ದ ಹಾಗೆ. ಸುಮ್ಮನಿದ್ದರೆ ಕತ್ತಲೆ, ಅಲುಗಾಡಿದರೆ ಮಾತ್ರ ಬೆಳಕು. ನಿಮ್ಮವರಿಗೆ ಬತ್ತಿ ಯಾಕೆ? ಕುಣಿಯಲಿ. ಕುಣಿದು ಸಾಕಾಗಿ ನಿಂತರೆ ದೇವರು ಕತ್ತಲೆಗೆ ಹೋಗುತ್ತಾನೆ.

ಮತ್ತೆ, ಕಡಲೊಳಗೆ ಮೌನ ಎಂದು ಮಾತ್ರ ಹೇಳಬೇಡಿ. ನನ್ನಜ್ಜ ದೋಣಿಯ ಹುಟ್ಟನ್ನು ನೀರಿಗಿಳಿಸಿ ಅದರ ತುದಿಗೆ ಕಿವಿ ಕೊಡುತ್ತಿದ್ದರು. ಕಲ್ಲೂರು ಮೀನು ಹಿಂಡಾಗಿ ಬಂದರೆ ಚೆಂಡೆ ಬಡಿದ ಹಾಗೆ ಡುಬು ಡುಬು ಕೇಳುತ್ತದೆ.

ಮಂಜೇಶ್ವರದ ವಿಜ್ಞಾನ ಟೀಚರು:

ಸೊಸೆ ಕೇಳಿದ್ದು ಸರಿಯಾಗಿಯೇ ಉಂಟು. ನನ್ನ ಕ್ಲಾಸಿಗೆ ಕಳಿಸಿ!

ಬಣ್ಣದ ವಿಷಯದಲ್ಲಿ ಜಾಗ್ರತೆ. ನೀರು ಮೊದಲು ನುಂಗುವುದು ಕೆಂಪನ್ನು. ಹತ್ತು ಮೀಟರು ಇಳಿಯುವಷ್ಟರಲ್ಲಿ ಹೆಚ್ಚಿನ ಕೆಂಪು ಮುಗಿದಿರುತ್ತದೆ. ನಲವತ್ತು ಮಾರೆಂದರೆ ಎಪ್ಪತ್ತು ಮೀಟರಿಗೂ ಮೇಲೆ. ಅಲ್ಲಿ ಕುಂಕುಮ, ಕೇಪುಳ ಹೂ, ಕೆಂಪು ಪಟ್ಟೆ ಎಲ್ಲವೂ ಕಪ್ಪು. ಕತೆಯಲ್ಲಿ ಎಲ್ಲಾದರೂ ಕೆಂಪು ಬಂದಿದ್ದರೆ ಈಗಲೇ ತೆಗೆಯಿರಿ, ಪೆನ್ನು ಕಾದು ಕೂತಿದೆ.

ನಿಮ್ಮ ದೇವರು ಕಾಣುವವನಲ್ಲ, ಕೇಳುವವನು ಅಂತ ನನಗೆ ತೋರುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ, ಕಡಲ ನೀರಿನಲ್ಲಿ ಸುಮಾರು 1500. ಶಬ್ದ ಯಾವ ಕಡೆಯಿಂದ ಬಂತೆಂದು ನಮಗೆ ಗೊತ್ತಾಗುವುದು ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಚೂರು ತಡವಾಗಿ ಮುಟ್ಟುವುದರಿಂದ. ನೀರಿನೊಳಗೆ ಆ ವ್ಯತ್ಯಾಸ ನಾಲ್ಕೂವರೆ ಪಾಲು ಕಡಿಮೆ. ಅದಕ್ಕೇ ಮುಳುಗಿದವನಿಗೆ ಶಬ್ದದ ದಿಕ್ಕು ಸಿಕ್ಕುವುದಿಲ್ಲ, ಎಲ್ಲ ಕಡೆಯಿಂದ ಬಂದ ಹಾಗೆ ಕೇಳುತ್ತದೆ. ನಮ್ಮ ಕಿವಿಗಳ ನಡುವೆ ಹೆಚ್ಚುಕಡಿಮೆ ಒಂದು ಗೇಣು. ಆಳಿಗರಿಗೆ ನಮ್ಮಷ್ಟೇ ದಿಕ್ಕು ತಿಳಿಯಬೇಕಾದರೆ ಕಿವಿಗಳು ಎರಡು ಮೊಳ ದೂರ ಇರಬೇಕು. ಅಷ್ಟು ದೊಡ್ಡ ತಲೆ ಕೊಡುತ್ತೀರೋ, ಬೇರೆ ಎಂತ ಮಾಡುತ್ತೀರೋ ನಿಮಗೆ ಬಿಟ್ಟದ್ದು.

ಬದಿಯಡ್ಕದ ಬೈಲು:

ಬೇಜಾರು ಮಾಡಬೇಡಿ. ಅಳಿಯಕಟ್ಟು, ಅಜ್ಜ ದೇವರು, ಈಗ ಕುಣಿತವೂ ಬಂತು. ನಮ್ಮ ಭೂತದ ಕೋಲವನ್ನೇ ಗೋಣಿಯಲ್ಲಿ ಕಟ್ಟಿ ಕಡಲಿಗೆ ಹಾಕಿದ ಹಾಗೆ ಆಗ್ತಾ ಉಂಟು. ಕಡಲಿನವರಿಗೆ ಬೊಬ್ಬರ್ಯ ಎಂಬ ದೈವ ಇದ್ದಾನೆ, ನಂಬುವವರು ಇದ್ದಾರೆ. ಅವನ ಹೆಸರು ಬದಲಿಸಿದ ಹಾಗೆ ಕಾಣಬಾರದು. ಆಳಿಗರಿಗೆ ಹೆದರಿಕೆ ಯಾವುದರದ್ದು? ಅದನ್ನು ನೀವು ಹೇಳಲೇ ಇಲ್ಲ.

ಉಪ್ಪಳದ ಬಲೆ:

ಹೆದರಿಕೆ ನಾನು ಹೇಳುತ್ತೇನೆ. ಟ್ರಾಲರು. ಇಂಜಿನಿನ ಸದ್ದು, ಅಡಿ ಕೆರೆದುಕೊಂಡು ಬರುವ ಬಲೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ 52 ದಿನ ಟ್ರಾಲಿಂಗಿಗೆ ನಿಷೇಧ. ನಮ್ಮಂಥ ಸಣ್ಣ ದೋಣಿಗೆ ಅಡ್ಡಿಯಿಲ್ಲ. ಅಡಿಯಲ್ಲಿ ಇರುವವನಿಗೆ ಆ ದಿನ ಹೇಗಾಗಬೇಡ! ಕಾನೂನು, ಸರಕಾರ ಅಂತ ಅವನಿಗೆಂತ ಗೊತ್ತು?

ಮಂಜೇಶ್ವರದ ವಿಜ್ಞಾನ ಟೀಚರು:

ಅದೇ ತಿಂಗಳುಗಳಲ್ಲಿ ಇನ್ನೊಂದು ಆಗುತ್ತದೆ. ಮಳೆಗಾಲದ ಗಾಳಿಗೆ ನಮ್ಮ ಕರಾವಳಿಯಲ್ಲಿ ಮೇಲಿನ ನೀರು ಹೊರಗಡಲಿಗೆ ಸರಿದು ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಅದರಲ್ಲಿ ಮೀನಿಗೆ ಮೇವಾಗುವ ಸತ್ವ ಜಾಸ್ತಿ, ಆಮ್ಲಜನಕ ಕಡಿಮೆ. ನಿಮ್ಮ ಆಳಿಗರಿಗೆ ಉಸಿರು ಕಟ್ಟುತ್ತದೆ, ಊರು ಬಿಟ್ಟು ಮೇಲೆ ಬರಲೇಬೇಕು.

ಕುಂಬಳೆ ಎಣ್ಣೆಮಿಲ್ಲು:

ಎಲ್ಲರಿಗೂ ಉಪಕಾರ. ಬದಿಯಡ್ಕದವರು ಹೇಳಿದ್ದು ಸ್ವಲ್ಪ ಚುಚ್ಚಿತು, ಆದರೆ ಸುಳ್ಳಲ್ಲ. ಅಳಿಯಕಟ್ಟು ಬಿಡುವುದಿಲ್ಲ (ಸೊಸೆ ಬಿಡುವುದಿಲ್ಲ). ಕುಣಿತ ಬಿಟ್ಟೆ.

ನಿನ್ನೆ ಹೇಳಿದ ಕತೆ ಹೀಗೆ. ಆಳಿಗರಿಗೆ ಕಿವಿ ಇರುವುದು ಮೊಣಕೈಯಲ್ಲಿ. ಕೈಗಳನ್ನು ಎರಡೂ ಕಡೆಗೆ ಚಾಚಿದರೆ ಟೀಚರು ಹೇಳಿದ ಎರಡು ಮೊಳ ಸರಿಯಾಗಿ ಸಿಕ್ಕುತ್ತದೆ (ಹುಡುಗಿಯ ಅಮ್ಮನನ್ನೇ ನಿಲ್ಲಿಸಿ ಟೇಪು ಹಿಡಿದೆವು). ಆದುದರಿಂದ ಅವರು ದೇವರಿಗೆ ಕೈಮುಗಿಯುವುದಿಲ್ಲ, ಕೈ ಚಾಚುತ್ತಾರೆ. ಮೊರೆಯಜ್ಜನಿಗೆ ರೂಪ ಇಲ್ಲ. ವರ್ಷವಿಡೀ ಇಂಜಿನುಗಳ ಸದ್ದಿನಲ್ಲಿ ಮುಚ್ಚಿಹೋದ ಅವನ ದನಿ 52 ದಿನ ಮಾತ್ರ ತೆರೆದು ಕೇಳುತ್ತದೆ. ಉಸಿರು ಕಟ್ಟುವ ದಿನಗಳೂ ಅವೇ. ದೇವರ ದನಿ ಕೇಳಬೇಕೋ, ಊರು ಬಿಟ್ಟು ಓಡಬೇಕೋ ಎಂಬುದು ಪ್ರತಿವರ್ಷ ಒಂಬತ್ತು ಮನೆತನದ ಜಗಳ. ದನಿಕಾರ ಕಡೆಯ ತನಕ ಕೆಳಗೇ ನಿಂತು ಆ ದನಿ ಕಟ್ಟಿಕೊಂಡು ಬರಬೇಕು. ಒಂದು ದನಿ ಕಟ್ಟಿದರೆ ಅವನ ಬಾಯಿಯಿಂದ ಒಂದು ಪದ ಹೋಗುತ್ತದೆ, ಮತ್ತೆ ಬರುವುದಿಲ್ಲ. ಈಗಿನ ದನಿಕಾರನಲ್ಲಿ ಉಳಿದಿರುವುದು ಹನ್ನೊಂದು ಪದ. ಅದರಲ್ಲಿ ಒಂದು ಅವನ ಮಗಳ ಹೆಸರು.

ಇಲ್ಲಿಗೆ ಒಬ್ಬ ನೆಲದ ಹುಡುಗ ಬೀಳುತ್ತಾನೆ, ಪಾಪ. ಭಕ್ತಿಯಿಂದ ಕೈಮುಗಿಯುತ್ತಾನೆ. ಮೊಣಕೈ ಎರಡೂ ಹತ್ತಿರ ಬಂದರೆ ಅವರ ಲೆಕ್ಕದಲ್ಲಿ ಕಿವಿ ಮುಚ್ಚಿದ ಹಾಗೆ, "ನಿನ್ನ ಮಾತು ನನಗೆ ಬೇಡ" ಎಂದ ಹಾಗೆ. ದೊಡ್ಡ ಗಲಾಟೆ. ಹುಡುಗಿ ಎದ್ದು ಕೂತಳು. "ಹಾಗಾದ್ರೆ ಅವರ ಶಾಲೆಯಲ್ಲಿ ಟೀಚರು ಕೈಕಟ್ಟಿ ಕೂತ್ಕೊಳ್ಳಿ ಅನ್ನುವ ಹಾಗಿಲ್ಲ!"

ದೀಪದ್ದು ಅವಳೇ ಬಿಡಿಸಿದಳು. ಮಿಲ್ಲಿನಲ್ಲಿ ಬಾಲ್ದಿಗೆ ನೀರು ಹಿಡಿದು, ಸಿರಿಂಜಿನಲ್ಲಿ ಅಡಿಗೆ ಎಣ್ಣೆ ಬಿಟ್ಟು ತೋರಿಸಿದಳು. ಹನಿ ಗುಂಡಗೆ, ಬಂಗಾರದ ಮಣಿಯ ಹಾಗೆ ಮೇಲೆ ಹೋಯಿತು. ಆಳಿಗರು ಬೂತಾಯಿಯ ಎಣ್ಣೆ ಹಿಂಡಿ ಒಬ್ಬೊಬ್ಬರೂ ಒಂದು ಹನಿ ಬಿಡುತ್ತಾರಂತೆ. ಉರಿಸುವುದು ಬೇಡ, ಏರಿದರೆ ಸಾಕು. ಇಪ್ಪತ್ತು ವರ್ಷದಿಂದ ಎಣ್ಣೆಯಲ್ಲೇ ಕೈ ಅದ್ದಿಕೊಂಡಿದ್ದೇನೆ, ನನಗೆ ಹೊಳೆಯಲಿಲ್ಲ ನೋಡಿ.

ಉಪ್ಪಳದ ಬಲೆ:

ಅಣ್ಣ, ಇದನ್ನು ಓದಿ ನನಗೆ ಮೈ ಜುಂ ಅಂತು. ಸುತ್ತ ಸಣ್ಣ ತೆರೆ ಏಳುತ್ತಿರುವಾಗ ಮಧ್ಯದಲ್ಲಿ ಒಂದು ಪಟ್ಟಿ ಮಾತ್ರ ನುಣ್ಣಗೆ, ಎಣ್ಣೆ ಸವರಿದ ಹಾಗೆ ಹೊಳೆಯುವುದನ್ನು ನಾವು ನೋಡುತ್ತಲೇ ಇರುತ್ತೇವೆ. ಅಡಿಯಲ್ಲಿ ಮೀನುಂಟು ಎಂದು ಅಲ್ಲಿ ಬಲೆ ಬಿಡುವವರೂ ಇದ್ದಾರೆ. ನಾಡಿದ್ದು ಗಾಳಿ ಇಳಿದರೆ ಹೋಗುವುದುಂಟು. ಕಂಡರೆ ಎಷ್ಟು ಮಾರು ಆಳ ಅಂತ ಹಗ್ಗ ಇಳಿಸಿ ನೋಡಿ ಹೇಳುತ್ತೇನೆ, ಪುಸ್ತಕದಲ್ಲಿ ಬರೆದುಕೊಳ್ಳಲಿ.