ಇವಿ ಕಾರಿಗೆ ಹೊರಗಿನ ಕ್ಯಾಮೆರಾ ಹಾಕಿಸ್ಬೇಕು, ಪಾರ್ಕಿಂಗ್ ಮೋಡ್ ಇಟ್ರೆ ಬ್ಯಾಟರಿ ಡೌನ್ ಆಗತ್ತಾ?

ಸೈಲೆಂಟ್_ಸವಾರ:
ನಮಸ್ಕಾರ ಎಲ್ರಿಗೂ. ಗಾಡಿ ಬಗ್ಗೆ ಏನೂ ಕಂಪ್ಲೇಂಟ್ ಇಲ್ಲ, ಬೇಜಾರಿರೋದು ಕ್ಯಾಮೆರಾ ಒಂದ್ರಲ್ಲೇ. ಗಾಡಿ ಜೊತೆ ಬಂದಿರೋ ರಿವರ್ಸ್ ಕ್ಯಾಮೆರಾ ಹಗಲಲ್ಲಿ ಪರ್ವಾಗಿಲ್ಲ, ಕತ್ತಲಾದ್ರೆ ಸ್ಕ್ರೀನ್ ತುಂಬ ಚುಕ್ಕೆ ಚುಕ್ಕೆ, ಹಿಂದೆ ಕಂಬ ಇದ್ಯೋ ಗೋಡೆ ಇದ್ಯೋ ಗೊತ್ತಾಗಲ್ಲ. ಅದನ್ನ ತೆಗೆದು ಒಳ್ಳೆ ನೈಟ್ ವಿಷನ್ ಇರೋದು ಹಾಕಿಸ್ಬೇಕು ಅಂತ, ಅದ್ರ ಜೊತೆಗೆ ಮುಂದೆ ಹಿಂದೆ ಎರಡೂ ಕಡೆ ಡ್ಯಾಶ್‌ಕ್ಯಾಮ್, ಪಾರ್ಕಿಂಗ್ ಮೋಡ್ (ಗಾಡಿ ಆಫ್ ಆಗಿ ನಿಂತಾಗ್ಲೂ ರೆಕಾರ್ಡ್ ಮಾಡೋದು) ಸಮೇತ, ಯಾಕಂದ್ರೆ ನಿಲ್ಲಿಸಿದ ಗಾಡಿಗೆ ಯಾರೋ ಉಜ್ಜಿ ಹೋಗಿದಾರೆ. ಆಗೋದಾದ್ರೆ ಗಾಡಿ ಸುತ್ತ ಮೇಲಿಂದ ನೋಡಿದ ಹಾಗೆ ತೋರ್ಸೋ 360 ಕ್ಯಾಮೆರಾನೂ ಹಾಕಿಸೋಣ ಅಂತ ಆಸೆ. ಆಕ್ಸೆಸರಿ ಅಂಗಡಿಯವ್ರು "ವೈರ್ ಕಟ್ ಮಾಡಿ ಜಾಯಿಂಟ್ ಹೊಡೆದ್ರೆ ಮುಗೀತು" ಅಂತಾರೆ, ಸರ್ವಿಸ್‌ನವ್ರು ವೈರ್ ಮುಟ್ಟಿದ್ರೆ ವಾರಂಟಿ ಹೋಯ್ತು ಅಂತ ಹೆದರಿಸ್ತಾರೆ. ಫ್ರೆಂಡ್ ಒಬ್ಬ "ಅಷ್ಟು ದೊಡ್ಡ ಬ್ಯಾಟರಿ ಇಟ್ಕೊಂಡು ಒಂದು ಕ್ಯಾಮೆರಾಗೆ ಹೆದರ್ತೀಯಲ್ಲೋ" ಅಂತ ನಗ್ತಾನೆ. ಯಾರ ಮಾತು ಕೇಳ್ಲಿ?

ವೋಲ್ಟ್‌ಮೀಟರ್_ರಾಯ:
ಫ್ರೆಂಡ್ ಮಾತಂತೂ ಕೇಳ್ಬೇಡಿ ಸಾರ್. ಕ್ಯಾಮೆರಾ ಓಡೋದು ಕೆಳಗಿರೋ ದೊಡ್ಡ ಬ್ಯಾಟರಿ ಮೇಲಲ್ಲ, ಬಾನೆಟ್ ಒಳಗೆ ಇರೋ ಸಣ್ಣ 12 ವೋಲ್ಟ್ ಬ್ಯಾಟರಿ ಮೇಲೆ. ಪೆಟ್ರೋಲ್ ಗಾಡೀಲಿ ಅದನ್ನ ಆಲ್ಟರ್ನೇಟರ್ ಚಾರ್ಜ್ ಮಾಡತ್ತೆ, ಇವಿಲಿ ದೊಡ್ಡ ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡೋ ಡಿಸಿ-ಡಿಸಿ ಕನ್ವರ್ಟರ್. ಗಾಡಿ ಲಾಕ್ ಮಾಡಿ ಸ್ವಲ್ಪ ಹೊತ್ತಾದ್ಮೇಲೆ ಸ್ಲೀಪ್‌ಗೆ ಹೋದ್ರೆ ಆ ಕನ್ವರ್ಟರೂ ಆಫ್. ಕೆಲವು ಗಾಡಿ ಆಗಾಗ ಎದ್ದು 12 ವೋಲ್ಟ್ ಕಡಿಮೆ ಆಗಿದ್ರೆ ಟಾಪ್ ಅಪ್ ಮಾಡಿ ಮತ್ತೆ ಮಲಗತ್ತೆ, ಕೆಲವು ಮಾಡಲ್ಲ, ನಿಮ್ದು ಯಾವ ಜಾತಿ ಅಂತ ಮೊದ್ಲು ತಿಳ್ಕೊಳ್ಳಿ.

ಲೆಕ್ಕ ಹಾಕೋಣ. ಎರಡು ಚಾನಲ್ ಡ್ಯಾಶ್‌ಕ್ಯಾಮ್ ಸುಮಾರು 5 ವಾಟ್ ತಿನ್ನತ್ತೆ ಅಂದ್ಕೊಳ್ಳಿ, ದಿನಕ್ಕೆ 120 ವಾಟ್-ಅವರ್. 45 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿ ಅಂದ್ರೆ 540 ವಾಟ್-ಅವರ್, ಅದ್ರಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಬ್ಯಾಟರಿ ಆಯಸ್ಸು ಹೋಗತ್ತೆ, ಅಂದ್ರೆ ಕೈಗೆ ಸಿಗೋದು 270. ಎರಡು ದಿನ ನಿಲ್ಸಿದ್ರೆ ಕಥೆ ಮುಗೀತು, ಗಾಡಿ ತಾನೇ ಎಳ್ಕೊಳ್ಳೋದು ಬೇರೆ. ಆಮೇಲಿಂದು ಇನ್ನೂ ಮಜಾ, ದೊಡ್ಡ ಬ್ಯಾಟರಿ 80 ಪರ್ಸೆಂಟ್ ಇದ್ರೂ ಗಾಡಿ ಆನ್ ಆಗಲ್ಲ, ಯಾಕಂದ್ರೆ ಅದನ್ನ ಗಾಡಿಗೆ ಜೋಡಿಸೋ ದೊಡ್ಡ ಸ್ವಿಚ್ಚು, ಕಾಂಟ್ಯಾಕ್ಟರ್ ಅಂತಾರೆ, ಅದಕ್ಕೆ 12 ವೋಲ್ಟ್ ಬೇಕು. ಟ್ಯಾಂಕ್ ತುಂಬ ನೀರಿದೆ, ವಾಲ್ವ್ ತಿರುಗಿಸೋಕೆ ಆಳಿಲ್ಲ ಅನ್ನೋ ಹಾಗೆ. ಚಾರ್ಜರ್ ಚುಚ್ಚಿದ್ರೂ ಚಾರ್ಜ್ ತಗೊಳಲ್ಲ, ಅದಕ್ಕೂ ಅದೇ ಕಾಂಟ್ಯಾಕ್ಟರ್ ಬೇಕಲ್ಲ.

ಡ್ಯಾಶ್‌ಕ್ಯಾಮನ್ನ ಫ್ಯೂಸ್ ಬಾಕ್ಸ್‌ಗೆ ಜೋಡಿಸೋ ಹಾರ್ಡ್‌ವೈರ್ ಕಿಟ್‌ಲಿ ಮೂರು ವೈರ್ ಇರತ್ತೆ, ಕಾನ್‌ಸ್ಟಂಟ್ (ಯಾವಾಗ್ಲೂ ಕರೆಂಟ್ ಇರೋದು), ಎಸಿಸಿ (ಗಾಡಿ ಆನ್ ಆದಾಗ ಮಾತ್ರ ಬರೋದು), ಅರ್ತ್. ಅದ್ರ ಕಟ್‌ಆಫ್ ವೋಲ್ಟೇಜನ್ನ ಲೆಡ್ ಆಸಿಡ್‌ಗೆ 12.2 ಇಂದ 12.4 ಒಳಗೆ ಇಡಿ, ಫುಲ್ ಚಾರ್ಜ್ ಆಗಿ ಸುಮ್ನೆ ಕೂತ ಬ್ಯಾಟರಿ 12.6-12.7 ತೋರ್ಸತ್ತೆ, 12.2 ಅಂದ್ರೆ ಹತ್ರ ಹತ್ರ ಅರ್ಧ. ಆದ್ರೆ ಈಗ ಕೆಲವು ಇವಿಲಿ ಆ ಸಣ್ಣ ಬ್ಯಾಟರಿನೂ ಲಿಥಿಯಂ ಬರ್ತಿದೆ, ಅಲ್ಲಿ ಈ ನಂಬರ್ ನಂಬ್ಕೊಂಡ್ರೆ ಕೆಟ್ರಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಆದ್ರೆ 13 ಚಿಲ್ಲರೆ ವೋಲ್ಟಲ್ಲೇ ತುಂಬ ಹೊತ್ತು ನಿಂತಿರತ್ತೆ, 12ಕ್ಕೆ ಬರೋಷ್ಟ್ರಲ್ಲಿ ಒಳಗೆ ಏನೂ ಉಳಿದಿರಲ್ಲ. ಅಂಥ ಗಾಡಿಗೆ ವೋಲ್ಟೇಜ್ ಬದಲು ಟೈಮರ್ ಕಟ್‌ಆಫ್ ಇಡೋದು ವಾಸಿ.

ಅರ್ತ್ ವೈರನ್ನ ಬ್ಯಾಟರಿ ನೆಗೆಟಿವ್ ಟರ್ಮಿನಲ್‌ಗೆ ನೇರ ಕೊಡ್ಬೇಡಿ, ಬಾಡಿ ಬೋಲ್ಟ್‌ಗೆ ಕೊಡಿ. ಬಹಳ ಗಾಡೀಲಿ ನೆಗೆಟಿವ್ ಮೇಲೆ ಸೆನ್ಸರ್ ಕೂತಿರತ್ತೆ, ಎಷ್ಟು ಕರೆಂಟ್ ಹೋಯ್ತು ಅಂತ ಲೆಕ್ಕ ಇಡೋದು ಅದೇ. ಅದನ್ನ ದಾಟ್ಕೊಂಡು ಎಳೆದ್ರೆ ಗಾಡಿ ಲೆಕ್ಕಕ್ಕೂ ಬ್ಯಾಟರಿಲಿ ಇರೋದಕ್ಕೂ ತಾಳೆ ಆಗಲ್ಲ. ಕಿತ್ತಳೆ ಬಣ್ಣದ ಕೇಬಲ್ ಎಲ್ಲಿ ಕಂಡ್ರೂ ಕೈ ದೂರ, ಅದು ಹೈ ವೋಲ್ಟೇಜ್.

ರಿವರ್ಸ್‌ಗೇರ್_ರಂಗ:
ರಾಯರು ಕರೆಂಟ್ ಹೇಳಿದ್ರು, ನಾನು ರಿವರ್ಸ್ ಕ್ಯಾಮೆರಾ ಹೇಳ್ತೀನಿ. ಕಟ್ ಮಾಡಿ ಜಾಯಿಂಟ್ ಹೊಡಿತೀನಿ ಅಂದವ್ರನ್ನ ಒಂದೇ ಪ್ರಶ್ನೆ ಕೇಳಿ ಗುರು, "ಸಿಗ್ನಲ್ ಅನಲಾಗೋ ಡಿಜಿಟಲ್ಲೋ?" ಉತ್ತರ ಬರ್ಲಿಲ್ಲ ಅಂದ್ರೆ ಕೀ ಕೊಡ್ಬೇಡಿ. ಹೊರಗಡೆ ಸಿಗೋ ಕ್ಯಾಮೆರಾ ಬಹುಪಾಲು ಸಿವಿಬಿಎಸ್ ಇಲ್ಲಾ ಎಎಚ್‌ಡಿ ಅನ್ನೋ ಸಿಗ್ನಲ್‌ದು, ಎರಡೂ ಅನಲಾಗ್. ಈಗಿನ ಬಹಳ ಗಾಡಿಗಳಲ್ಲಿ ಬರೋದು ಎಲ್‌ವಿಡಿಎಸ್ ಥರದ ಡಿಜಿಟಲ್ಲು, ಬಣ್ಣದ ಪ್ಲಾಸ್ಟಿಕ್ ಮೂತಿ ಇರೋ ಒಂದೇ ಒಂದು ಕೋಆಕ್ಸ್ (ಟಿವಿ ಕೇಬಲ್ ಥರದ) ಕೇಬಲ್ ಬಂದಿದ್ರೆ ಬಹುತೇಕ ಅದೇ ಅಂದ್ಕೊಳ್ಳಿ. ಆ ಕೇಬಲ್‌ಗೆ ಅನಲಾಗ್ ಕ್ಯಾಮೆರಾ ಜೋಡಿಸಿದ್ರೆ ಜನ್ಮದಲ್ಲಿ ಚಿತ್ರ ಬರಲ್ಲ. ಅನಲಾಗೇ ಇದ್ರೂ ಪಾಲ್, ಎನ್‌ಟಿಎಸ್‌ಸಿ ಅನ್ನೋ ವಿಡಿಯೋ ಫಾರ್ಮ್ಯಾಟ್ ಹೊಂದಬೇಕು, ಇಲ್ಲಾಂದ್ರೆ ಚಿತ್ರ ಉರುಳತ್ತೆ ಅಥವಾ ಕಪ್ಪು ಬಿಳುಪಾಗತ್ತೆ. ಕೆಲವು ಫ್ಯಾಕ್ಟರಿ ಕ್ಯಾಮೆರಾಗೆ ಬರೋ ಸಪ್ಲೈ 6 ವೋಲ್ಟೇ, ಅಲ್ಲಿ 12 ವೋಲ್ಟ್ ಕ್ಯಾಮೆರಾ ಎದ್ದೇಳೋದೇ ಇಲ್ಲ.

ಸರಿ ಬೇರೆ ಪವರ್ ತಗೊಳ್ಳೋಣ ಅಂತ ರಿವರ್ಸ್ ಲೈಟ್ ವೈರಿಗೆ ಕೈ ಹಾಕ್ತಾರೆ. ಹೊಸ ಗಾಡೀಲಿ ಆ ಲೈಟಿಗೆ ನೆಟ್ಟಗಿನ 12 ವೋಲ್ಟ್ ಬರ್ದೆ ಬಾಡಿ ಕಂಟ್ರೋಲ್ ಮಾಡ್ಯೂಲ್ ಚಕ್ ಚಕ್ ಅಂತ ಪಲ್ಸ್ ಮಾಡಿ ಕೊಡೋದೂ ಉಂಟು. ಆಗ ಕ್ಯಾಮೆರಾ ಮಿಟುಕತ್ತೆ, ಜೊತೆಗೆ ಬಲ್ಬ್ ಫಾಲ್ಟ್ ಅಂತ ಡ್ಯಾಶ್ ಮೇಲೆ ವಾರ್ನಿಂಗ್. ಫಿಲ್ಟರ್ ಜೊತೆ ರಿಲೇ ಹಾಕ್ಬೇಕು. ಆಟೋ ಪಾರ್ಕಿಂಗ್ ಇರೋ ಗಾಡಿ ಆದ್ರೆ ಫ್ಯಾಕ್ಟರಿ ಕ್ಯಾಮೆರಾ ಕಿತ್ತಾಕೋ ಯೋಚನೆನೇ ಬಿಡಿ, ಆ ಸಿಸ್ಟಮ್ ಅದನ್ನೇ ನೋಡ್ತಾ ಇರಬಹುದು.

ನನ್ ಕೇಳಿದ್ರೆ ಮೊದ್ಲು ಲೆನ್ಸ್ ಒರೆಸಿ, ಆಮೇಲೆ ರಿವರ್ಸ್ ಲೈಟ್ ನೋಡಿ. ರಾತ್ರಿ ಚುಕ್ಕೆ ಬರೋದು ಬೆಳಕು ಸಾಲ್ದೆ ಸೆನ್ಸರ್ ಗೇನ್, ಅಂದ್ರೆ ಸಿಗ್ನಲ್ ಜೋರು, ಏರಿಸೋದ್ರಿಂದ. ನಿಮ್ ಗಾಡಿಗೆ ಹೊಂದೋ ಜೋರಾದ ಬಲ್ಬ್ ಹಾಕಿದ್ರೆ ಅದೇ ಕ್ಯಾಮೆರಾದಲ್ಲಿ ಹಿಂದಿನ ಗೋಡೆ ಕಾಣತ್ತೆ. ಇನ್ನೂ ಬೇಕು ಅಂದ್ರೆ ಫ್ಯಾಕ್ಟರಿದು ಇದ್ದ ಹಾಗೇ ಬಿಟ್ಟು, ಮಿರರ್ ಮೇಲೆ ಕೂರೋ ಸ್ಕ್ರೀನ್ ಇರೋ ಡ್ಯಾಶ್‌ಕ್ಯಾಮ್ ತಗೊಳ್ಳಿ, ಹಿಂದಿನ ಕ್ಯಾಮೆರಾ ಸೋನಿಯ ಸ್ಟಾರ್ವಿಸ್ ಸೆನ್ಸರ್‌ದಾದ್ರೆ ಕತ್ತಲಲ್ಲಿ ಎಷ್ಟೋ ವಾಸಿ. ಬಂಪರ್ ಮೇಲೆ, ನೀರಿಗೆ ಮೈ ಒಡ್ಡಿ ಕೂರೋದಾದ್ರೆ ಐಪಿ67 (ಧೂಳು, ನೀರು ತಡೆಯೋ ರೇಟಿಂಗ್) ಕೆಳಗಿಂದು ಬೇಡ. ಪ್ರೆಷರ್ ವಾಷ್ ಹೊಡೆಸೋರಿಗೆ ಐಪಿ69ಕೆ.

ಬಂಪರ್_ಭಟ್ಟ:
360 ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ, ನಾನೇ ಹೇಳ್ತೀನಿ, ಬೇಡ. ನಾಲ್ಕು ಫಿಶ್‌ಐ ಕ್ಯಾಮೆರಾ, ಅಂದ್ರೆ ಮುಂದೆ ಹಿಂದೆ ಎರಡೂ ಕಡೆ ಬಿಚ್ಬೇಕು, ಎರಡೂ ಮಿರರ್ ಕೆಳಗೆ ತೂತು, ಬಾಗಿಲಿನ ಟ್ರಿಮ್ ಬಿಚ್ಚಿ ರಬ್ಬರ್ ಗ್ರೊಮೆಟ್ ಒಳಗಿಂದ ವೈರ್ ಎಳೆಯೋದು. ಆಮೇಲೆ ಗಾಡಿ ಸುತ್ತ ಪ್ಯಾಟರ್ನ್ ಬಟ್ಟೆ ಹಾಸಿ ಕ್ಯಾಲಿಬ್ರೇಟ್ ಮಾಡ್ಬೇಕು, ಅದು ಸರಿ ಆಗ್ಲಿಲ್ಲ ಅಂದ್ರೆ ಮೂಲೆಲಿ ನಿಂತ ಮಗು ಎರಡು ಚಿತ್ರ ಸೇರೋ ಜಾಗದಲ್ಲಿ ಮಾಯ ಆಗತ್ತೆ. ಸ್ಟೀರಿಂಗ್ ಜೊತೆ ತಿರುಗೋ ಗೆರೆ ಬೇಕಂದ್ರೆ ಗಾಡಿಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡೋ ಲೈನು, ಕ್ಯಾನ್ ಬಸ್, ಅದಕ್ಕೆ ಡಿಕೋಡರ್ ಜೋಡಿಸ್ತಾರೆ. ವಾರಂಟಿ ಜಗಳ ಶುರುವಾಗೋದೇ ಅಲ್ಲಿ. ಎಂಬ್ಲಮ್ ಹಿಂದೆ ರೇಡಾರ್ ಇರೋ ಗಾಡಿ ಆದ್ರೆ ಮುಂದಿನ ಕ್ಯಾಮೆರಾ ಎಲ್ಲಿ ಬೇಕೋ ಅಲ್ಲಿ ಕೂರ್ಸೋಕೂ ಆಗಲ್ಲ.

ರಿವರ್ಸ್‌ಗೇರ್_ರಂಗ:
ಭಟ್ರೇ ಪೂರ್ತಿ ಬೇಡ ಅನ್ನೋದು ಜಾಸ್ತಿ ಆಯ್ತು. ಒಂದೂ ವೈರ್ ಕತ್ತರಿಸ್ದೆ, ಗಾಡಿ ಕನೆಕ್ಟರ್‌ಗೇ ಹೊಂದೋ ಕಪ್ಲರ್ ಹಾಕಿ ನೀಟಾಗಿ ಮಾಡೋರೂ ಇದಾರೆ. ಇಕ್ಕಟ್ಟಿನ ಪಾರ್ಕಿಂಗ್ ಇದ್ದೋರಿಗೆ ಅದು ದೊಡ್ಡ ಉಪಕಾರ. ತೂತು ವಿಷ್ಯ ಮಾತ್ರ ಒಪ್ದೆ.

ಸೈಲೆಂಟ್_ಸವಾರ:
ಥ್ಯಾಂಕ್ಸ್ ಎಲ್ರಿಗೂ. 360 ಸದ್ಯಕ್ಕೆ ಬಿಟ್ಟೆ, ಮಿರರ್ ಡ್ಯಾಶ್‌ಕ್ಯಾಮ್ ಹಾಕಿಸ್ತೀನಿ. ಇನ್ನೊಂದು ಡೌಟು ರಾಯರೇ, ಫ್ಯೂಸ್ ಬಾಕ್ಸ್‌ಲಿ ಯಾವ್ದು ಕಾನ್‌ಸ್ಟಂಟ್ ಅಂತ ಹೇಗೆ ಕಂಡುಹಿಡಿಯೋದು? ರಾತ್ರಿ ಮನೇಲಿ ಚಾರ್ಜಿಗೆ ಹಾಕಿರ್ತೀನಿ, ಆಗ ಪಾರ್ಕಿಂಗ್ ಮೋಡ್ ಏನೂ ತೊಂದ್ರೆ ಇಲ್ಲ ತಾನೆ?

ವೋಲ್ಟ್‌ಮೀಟರ್_ರಾಯ:
ಚಾರ್ಜ್ ಆಗ್ತಿರೋ ತನಕ ಕನ್ವರ್ಟರ್ ಓಡ್ತಿರತ್ತೆ, ಬ್ಯಾಟರಿ ಚಿಂತೆ ಇಲ್ಲ, ಚಾರ್ಜ್ ಮುಗಿದ್ಮೇಲೆ ಮತ್ತೆ ಹಳೇ ಕಥೆ. ಆದ್ರೆ ಒಂದು ವಿಚಿತ್ರ ಇದೆ, ಕೆಲವು ಗಾಡೀಲಿ ಚಾರ್ಜ್ ಆಗೋವಾಗ, ಇಲ್ಲಾ ಫೋನಿಂದ ಎಸಿ ಆನ್ ಮಾಡ್ದಾಗ ಎಸಿಸಿ ಲೈನೂ ಎದ್ದು ಕೂರತ್ತೆ. ಡ್ಯಾಶ್‌ಕ್ಯಾಮ್‌ಗೆ ನೀವು ಓಡಿಸ್ತಿದೀರ ಅನ್ನೋ ಭ್ರಮೆ, ರಾತ್ರಿಯಿಡೀ ಫುಲ್ ರೆಕಾರ್ಡಿಂಗ್, ಬೆಳಗ್ಗೆ ನೋಡಿದ್ರೆ ಗ್ಯಾರೇಜ್ ಗೋಡೆ ವಿಡಿಯೋ ತುಂಬಿ ಹಿಂದಿನ ದಿನದ್ದೆಲ್ಲ ಅಳಿಸಿಹೋಗಿರತ್ತೆ. ಬೇಕಾದ ಕ್ಲಿಪ್ ಲಾಕ್ ಮಾಡೋ ಅಭ್ಯಾಸ ಇಟ್ಕೊಳ್ಳಿ, ಕಾರ್ಡ್ ಹೈ ಎಂಡ್ಯೂರೆನ್ಸ್ ಅಂತ ಬರೆದಿರೋದೇ ತಗೊಳ್ಳಿ.

ಫ್ಯೂಸ್ ವಿಷ್ಯ, ಡಯಾಗ್ರಾಮ್ ನೋಡಿ ಸುಮ್ನಾಗ್ಬೇಡಿ. ಬಾಗಿಲು ತೆಗೆದಿಟ್ಟು ಲ್ಯಾಚನ್ನ ಸ್ಕ್ರೂಡ್ರೈವರಲ್ಲಿ ಒತ್ತಿ ಮುಚ್ಚಿದ ಹಾಗೆ ಮಾಡಿ, ಲಾಕ್ ಮಾಡಿ, ಕೀ ದೂರ ಇಡಿ, ಗಾಡಿ ಪೂರ್ತಿ ಮಲಗೋ ತನಕ ಕಾದು ಆಮೇಲೆ ಮಲ್ಟಿಮೀಟರ್ ಇಡಿ. ಲಾಕ್ ಮಾಡಿದ ತಕ್ಷಣ 12 ತೋರ್ಸಿ ಆಮೇಲೆ ಸೊನ್ನೆ ಆಗೋ ಫ್ಯೂಸ್ ಬೇಕಾದಷ್ಟಿದಾವೆ. ಏರ್‌ಬ್ಯಾಗ್, ಬ್ರೇಕ್, ಸ್ಟೀರಿಂಗ್ ಫ್ಯೂಸ್ ಮುಟ್ಲೇಬೇಡಿ. ವೈರ್ ಎ ಪಿಲ್ಲರ್‌ಲಿ (ಮುಂದಿನ ಗಾಜಿನ ಪಕ್ಕದ ಕಂಬ) ಇಳಿಸೋವಾಗ ಕರ್ಟನ್ ಏರ್‌ಬ್ಯಾಗ್ ಹಿಂದಿಂದ ತಗೊಂಡು ಹೋಗಕ್ಕೆ ಹೇಳಿ, ಮುಂದಿಂದ ತಂದ್ರೆ ಅದು ಬಿಚ್ಕೊಳ್ಳೋ ದಾರಿಗೆ ಅಡ್ಡ. ಆತುರದಲ್ಲಿರೋ ಫಿಟ್ಟರ್‌ಗಳು ಇದನ್ನ ಮಾಡಲ್ಲ, ಪಕ್ಕದಲ್ಲಿ ನಿಂತು ನೋಡಿ.

ಬಿಸಿಲಲ್ಲಿ ನಿಲ್ಸೋ ಗಾಡಿ ಆದ್ರೆ ಒಳಗೆ ಲಿಥಿಯಂ ಸೆಲ್ ಇರೋ ಡ್ಯಾಶ್‌ಕ್ಯಾಮ್ ಬದಲು ಬಿಸಿ ತಡೆಯೋ ಸೂಪರ್ ಕೆಪಾಸಿಟರ್ ಇರೋದು ಹುಡುಕಿ. ತುಂಬ ದಿನ ನಿಲ್ಸೋ ಅಭ್ಯಾಸ ಇದ್ರೆ ಡ್ಯಾಶ್‌ಕ್ಯಾಮ್‌ಗೆ ಅಂತಲೇ ಬೇರೆ ಬ್ಯಾಟರಿ ಪ್ಯಾಕ್ ಬರತ್ತೆ, ಓಡಿಸೋವಾಗ ಚಾರ್ಜ್ ಆಗಿ ನಿಂತಾಗ ಅದ್ರಿಂದ ಓಡತ್ತೆ, ಗಾಡಿ 12 ವೋಲ್ಟ್ ತಂಟೆಗೇ ಹೋಗಲ್ಲ. ಊರಿಗೆ ಹೋಗೋವಾಗ ಮಾತ್ರ ಪಾರ್ಕಿಂಗ್ ಮೋಡ್ ಆಫ್ ಮಾಡಿ ಹೋಗೋದು ಮರೀಬೇಡಿ.